ಐದೂವರೆ ಅಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯ. ಸಂಡೂರಿನ ಗಣಿಯೊಂದರಲ್ಲಿ ಲಾರಿ ತೂಗುವುದು ನನ್ನ ಕೆಲಸ. ಅದಿರು ತುಂಬಿದ ಲಾರಿ ತೂಕದ ಹಲಗೆಯ ಮೇಲೆ ಬಂದು ನಿಂತಾಗ ಡ್ರೈವರ್ ಏನೇ ಹೇಳಲಿ, ಕ್ಲೀನರ್ ಯಾವ ದೇವರ ಆಣೆಯನ್ನೇ ಹಾಕಲಿ, ನಾನು ನೋಡುವುದು ಪರದೆಯ ಮೇಲಿನ ಅಂಕಿಯನ್ನು. ಆ ಅಂಕಿಯನ್ನೂ ಒಂದೇ ಸಲಕ್ಕೆ ನಂಬುವವನಲ್ಲ. ಚಕ್ರ ಹಲಗೆಯಿಂದ ಆಚೆ ಉಳಿದಿದೆಯೇ ಎಂದು ಎದ್ದು ಹೋಗಿ ನೋಡಿ ಬರುತ್ತೇನೆ. ಬಂಡ್ರಿ ಕಡೆಯ ಡ್ರೈವರುಗಳು ನನಗಿಟ್ಟಿರುವ ಅಡ್ಡಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಹೊಸಪೇಟೆಯ ಮನೆಯಲ್ಲೂ ಅಷ್ಟೆ. ಹಾಲಿನವನು ಅಳೆದು ಹಾಕಿದ ಹಾಲನ್ನು ಒಳಗೆ ತಂದು ಮತ್ತೊಮ್ಮೆ ಅಳೆದವನು ನಾನು, ಅದನ್ನು ಕಂಡು ಹೆಂಡತಿ ಹಣೆ ಚಚ್ಚಿಕೊಂಡಿದ್ದಳು. ಇಂಥ ನಾನು ಎಂಟು ವರ್ಷ ಒಬ್ಬ ಮನುಷ್ಯನ ಮಾತನ್ನು ಒಂದೇ ಒಂದು ಸಲವೂ ಅಳೆದು ನೋಡಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಮನುಷ್ಯ ನನ್ನ ಗೆಳೆಯ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಮನೆ, ಕಾಲುವೆ ಕಚೇರಿಯಲ್ಲಿ ನೌಕರಿ. ಕಾಲುವೆಯಲ್ಲಿ ನೀರು ಎಷ್ಟು ಅಡಿ ಹರಿಯುತ್ತಿದೆ ಎಂದು ದಿನಕ್ಕೆರಡು ಸಲ ಗೇಜು ಓದಿ ಮೇಲಿನವರಿಗೆ ತಿಳಿಸುವುದು ಅವನ ಕೆಲಸ. "ಒಂದ್ ಗೆರಿ ತಪ್ಪು ಹೇಳಿದ್ರ ಕೆಳಗಿನ ಊರಾಗ ಗದ್ದಿ ಒಣಗ್ತಾವಲೇ" ಎಂದು ಅವನೇ ಹೇಳುತ್ತಿದ್ದ. ನೀರಿನ ಆಳದ ವಿಷಯದಲ್ಲಿ ಅವನ ಬಾಯಿಂದ ಬಂದದ್ದು ಕಲ್ಲಿನಲ್ಲಿ ಕೊರೆದ ಅಕ್ಷರ ಎಂದು ನಾನು ನಂಬಿದ್ದಕ್ಕೆ ಕಾರಣವಿತ್ತು.

ನಮ್ಮಿಬ್ಬರ ಪರಿಚಯವಾದದ್ದು ಕಾಲುವೆ ದಂಡೆಯ ಮೇಲೆ, ಗಾಳ ಹಿಡಿದು ಕುಳಿತಾಗ. ಮೊದಲ ದಿನವೇ ಜಗಳ. ಅವನ ದಾರ ನನ್ನ ದಾರಕ್ಕೆ ಸುತ್ತಿಕೊಂಡಿತ್ತು, ಬಿಡಿಸುತ್ತಾ ಬಿಡಿಸುತ್ತಾ ಅರ್ಧ ತಾಸು ಬೈದಾಡಿಕೊಂಡೆವು. ಬಿಡಿಸಿ ಮುಗಿಯುವಷ್ಟರಲ್ಲಿ ಬೀಡಿ ಹಂಚಿಕೊಂಡಿದ್ದೆವು. ಆಮೇಲೆ ಪ್ರತಿ ಭಾನುವಾರ ಒಟ್ಟಿಗೇ.

ಕಂಪ್ಲಿ ದಾರಿಯಲ್ಲಿ, ವಲಸೆ ಬಂದ ರೈತರು ಕಟ್ಟಿಕೊಂಡ ಒಂದು ಕ್ಯಾಂಪಿನಲ್ಲಿ, ಭತ್ತದ ಗದ್ದೆಗಳನ್ನು ಅಗೆಸಿ ಮೀನು ಸಾಕುವ ಹೊಂಡಗಳನ್ನು ಮಾಡಿಕೊಂಡ ಧಣಿಯೊಬ್ಬರಿದ್ದಾರೆ. ಅವರ ಹಿರಿಯರು ಆಂಧ್ರದ ಕಡಲ ಕಡೆಯಿಂದ ಬಂದವರು. ನಾಲ್ಕು ಹೊಂಡಗಳಲ್ಲಿ ಒಂದನ್ನು ಗಾಳ ಹಾಕುವವರಿಗೆಂದೇ ಬಿಟ್ಟಿದ್ದಾರೆ. ಸಂಡೂರು, ಹೊಸಪೇಟೆ, ಹಂಪಿ ಕಡೆಯ ನಮ್ಮಂಥ ಇಪ್ಪತ್ತು ಜನರ ಗುಂಪು ಅಲ್ಲಿ ಸೇರುತ್ತದೆ. ಫೋನಿನಲ್ಲಿ ಪರದೇಶದವರ ಸ್ಪರ್ಧೆಗಳನ್ನು ನೋಡಿ ನೋಡಿ ನಾವೂ ಶುರು ಮಾಡಿದೆವು. ದಂಡೆಯ ಸುತ್ತ ನಂಬರಿನ ಗೂಟ ಹೊಡೆಯುವುದು, ಚೊಂಬಿನಲ್ಲಿ ಚೀಟಿ ಹಾಕಿ ಎತ್ತುವುದು, ಯಾರಿಗೆ ಯಾವ ನಂಬರು ಬಂತೋ ಐದು ತಾಸು ಅಲ್ಲೇ ಕೂರುವುದು. ಹಿಡಿದ ಮೀನನ್ನು ನೀರಲ್ಲೇ ಇಳಿಬಿಟ್ಟ ಬಲೆಯ ಚೀಲದಲ್ಲಿ ಜೀವಂತವಾಗಿ ಇಟ್ಟುಕೊಂಡು, ಕೊನೆಗೆ ತೂಗಿ ಮತ್ತೆ ಹೊಂಡಕ್ಕೇ ಬಿಡುವುದು. ಈ ಬಿಡುವ ವಿಷಯ ಕೇಳಿ ನನ್ನ ಹೆಂಡತಿ ನಗುವುದನ್ನು ಇನ್ನೂ ನಿಲ್ಲಿಸಿಲ್ಲ. "ಮುಂಜಾನಿಂದ ಕುಂತು ಹಿಡಿಯೋದಂತ, ತೂಕ ಮಾಡಿ ಬಿಡೋದಂತ. ಇದೇನ್ ಮೀನು ಹಿಡಿಯೋದೋ, ಮೀನಿಗೆ ಆಸ್ಪತ್ರಿ ನಡ್ಸೋದೋ?" ಎನ್ನುತ್ತಾಳೆ. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ನೀರಿನ ಮೇಲೆ ಒಮ್ಮೆ ನಡುಗಿ, ಸುಮ್ಮನಾಗಿ, ಆಮೇಲೆ ಓರೆಯಾಗಿ ಒಳಗೆ ಜಾರುವ ಆ ಗಳಿಗೆಯನ್ನು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ.

ಈ ಹೊಂಡದ ಮೀನುಗಳಿಗೆ ಒಂದು ಚಾಳಿಯಿದೆ, ಅದನ್ನು ತಿಳಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಧಣಿ ಮೇವನ್ನು ಎರಚುವುದಿಲ್ಲ. ಆಂಧ್ರದ ಪದ್ಧತಿಯಂತೆ ನೀರಿನಲ್ಲಿ ಬಿದಿರಿನ ಗಳು ನೆಟ್ಟು, ತೌಡು ಮತ್ತು ಶೇಂಗಾ ಹಿಂಡಿ ತುಂಬಿದ, ತೂತು ಮಾಡಿದ ಚೀಲಗಳನ್ನು ಹಗ್ಗದಲ್ಲಿ ಇಳಿಬಿಡುತ್ತಾರೆ. ಕಾಟ್ಲಾ, ರೋಹು ಎಲ್ಲವೂ ಬಂದು ತೂತಿಗೆ ಬಾಯಿ ಹಚ್ಚಿ ಕುಡಿಯುತ್ತವೆ. ಚೀಲ ಯಾವ ಆಳದಲ್ಲಿ ತೂಗುತ್ತಿದೆಯೋ ಮೀನುಗಳು ಆ ಆಳದಲ್ಲೇ ತಿರುಗುತ್ತವೆ. ಸ್ಪರ್ಧೆಯ ಹಿಂದಿನ ದಿನ ಚೀಲ ತೆಗೆದರೂ ಎರಡು ದಿನ ಅದೇ ಎತ್ತರದಲ್ಲಿ ಬಾಯಿ ಬಿಟ್ಟುಕೊಂಡು ಸುತ್ತುತ್ತಿರುತ್ತವೆ. ಆದ್ದರಿಂದ ನಮ್ಮಲ್ಲಿ ಕೈಚಳಕ, ಮೇವಿನ ಉಂಡೆಯ ಗುಟ್ಟು ಎಲ್ಲ ಆಮೇಲಿನ ಮಾತು. ಚೀಲ ಎಷ್ಟು ಆಳದಲ್ಲಿತ್ತು ಎಂಬುದು ಗೊತ್ತಿದ್ದವನು ಅರ್ಧ ಗೆದ್ದಂತೆ.

ಸಾಧಾರಣವಾಗಿ ಚೀಲ ತಳದ ಹತ್ತಿರ ಇರುತ್ತಿತ್ತು. ಬಿಸಿಲು ಜೋರಾಗಿ ತಳದ ನೀರು ಕೆಟ್ಟರೆ ಮಾತ್ರ ಧಣಿ ಮೇಲೆ ಕಟ್ಟಿಸುತ್ತಿದ್ದರು. ನಾನು ವಾರವೆಲ್ಲ ಸಂಡೂರಿನ ಧೂಳಿನಲ್ಲಿ ಇರುವವನು. ಅವನಿಗೆ ವಾರದ ನಡುವೆ ಕಾಲುವೆಯ ಗುಂಟ ಕಂಪ್ಲಿ ಕಡೆ ಓಡಾಟವಿರುತ್ತಿತ್ತು. ಹಾಗಾಗಿ ಹೊಂಡ ನೋಡಿ ಬರುವುದು ಅವನ ಪಾಲಿಗೆ, ಮೇವು ಕಲಸುವುದು ನನ್ನ ಪಾಲಿಗೆ. ಹಿಂಡಿ ಹುರಿದು ಪುಡಿ ಮಾಡಿ, ತೌಡು, ಬೆಲ್ಲದ ನೀರು, ಸ್ವಲ್ಪ ಸೋಂಪು ಸೇರಿಸಿ ನಾನು ಕಲಸಿದ್ದನ್ನು ಸರಿಯಾಗಿ ಅರ್ಧ ಮಾಡಿ ಅವನಿಗೆ ಕೊಡುತ್ತಿದ್ದೆ. ಅಭ್ಯಾಸದ ದಿನ ಮೊದಲು ದಾರ ಬಿಚ್ಚಿದವನು ಗಾಳಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ ಆಳ ನೋಡಿ ಕೂಗಿ ಹೇಳುವುದು, ಇನ್ನೊಬ್ಬ ಗಾಳ ಅಷ್ಟೇ ಆಳದಲ್ಲಿ ತೂಗುವಂತೆ ದಾರಕ್ಕೆ ಬೆಂಡು ಕಟ್ಟಿಕೊಳ್ಳುವುದು. ಇದು ಯಾರೂ ಬರೆದಿಟ್ಟ ಕರಾರಲ್ಲ. ಚೊಂಬಿನಿಂದ ಚೀಟಿ ಎತ್ತುವ ತನಕ ಗೊತ್ತಿದ್ದುದನ್ನೆಲ್ಲ ಹಂಚಿಕೊಳ್ಳಬೇಕು, ಎತ್ತಿದ ಮೇಲೆ ಅವರವರ ದಾರಿ ಅವರವರಿಗೆ. ಅಷ್ಟೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸ ವಿಷಯವೊಂದು ಬಂತು. ಹೈದರಾಬಾದಿನ ಹತ್ತಿರ ದೊಡ್ಡ ಸ್ಪರ್ಧೆಯಿದೆ, ನಮ್ಮ ಗುಂಪಿನಿಂದ ಒಬ್ಬರು ಬರಬಹುದು ಎಂದು ಕರೆ ಬಂದಿತ್ತು. ಒಬ್ಬರು ಮಾತ್ರ. ಹೊಂಡದಲ್ಲಿ ಸ್ಪರ್ಧೆ ಇಟ್ಟು ಗೆದ್ದವನನ್ನು ಕಳಿಸುವುದೆಂದು ಠರಾವಾಯಿತು. ನನಗೆ ಐವತ್ತೆರಡು. ಜೀವನದಲ್ಲಿ ಇಂಥದಕ್ಕೆ ಇವನನ್ನು ಕಳಿಸೋಣ ಎಂದು ಯಾರೂ ಯಾವತ್ತೂ ನನ್ನ ಕಡೆ ಬೆರಳು ತೋರಿಸಿದ್ದಿಲ್ಲ. ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ ಬಸ್ಸಿನಲ್ಲಿ ಸಂಡೂರಿಗೆ ಹೋಗುವಾಗಲೂ ಮೊಣಕಾಲ ಮೇಲೆ ಮುಷ್ಟಿ ಇಟ್ಟುಕೊಂಡು ಕೋಲು ಎತ್ತುವ ಅಭ್ಯಾಸ ಮಾಡುತ್ತಿದ್ದೆ. ಪಕ್ಕದಲ್ಲಿ ಕುಳಿತವರು ದೂರ ಸರಿದದ್ದೂ ಉಂಟು.

"ನಮ್ಮಿಬ್ಬರಾಗ ಯಾರರ ಒಬ್ರು ಹೋಗ್ಬೇಕಲೇ. ಬ್ಯಾರೇದವ್ರಿಗೆ ಬಿಡಬಾರ್ದು," ಎಂದ ಗೆಳೆಯ. ಹೌದೆಂದೆ. ಅವನು ಗೆದ್ದರೆ ನನಗೆ ಹೊಟ್ಟೆ ಉರಿಯುವುದಿಲ್ಲ ಎಂದೂ ಹೇಳಿದೆ. ಅದು ಪೂರ್ತಿ ನಿಜವಲ್ಲ, ಸ್ವಲ್ಪ ಉರಿಯುತ್ತಿತ್ತು. ಆದರೂ ಬಸ್ ಸ್ಟ್ಯಾಂಡಿಗೆ ಹೋಗಿ ಕೈ ಬೀಸಿ ಕಳಿಸಿ ಬರುತ್ತಿದ್ದೆ.

ಸ್ಪರ್ಧೆಯ ಹಿಂದಿನ ಗುರುವಾರ ಅವನು ಹೊಂಡಕ್ಕೆ ಹೋಗಿ ಬಂದ. ಶುಕ್ರವಾರ ಸಂಜೆ ನಾನು ಬಸ್ಸಿಳಿಯುವಾಗ ಫೋನು ಮಾಡಿದ. "ಚೀಲ ತಳದಾಗ ಅದಾವು. ನೀ ಏನೂ ತಲಿ ಕೆಡಿಸ್ಕೋಬ್ಯಾಡ, ಐದೂವರಿ ಅಡಿ ಇಟ್ಕೊಂಡು ಬಿಡು," ಎಂದ. "ಆತು," ಎಂದೆ. ಮನೆಗೆ ಹೋಗಿ ಆ ರಾತ್ರಿಯೇ ಮೂರು ದಾರಗಳಿಗೆ ಐದೂವರೆ ಅಡಿಗೆ ಬೆಂಡು ಕಟ್ಟಿಟ್ಟೆ.

ಭಾನುವಾರ ನನ್ನ ಬೈಕಿನಲ್ಲೇ ಇಬ್ಬರೂ ಹೋದೆವು. ದಾರಿಯಲ್ಲಿ ಎಂದಿನಂತೆ ಹರಟೆ ಹೊಡೆದ. ಚೀಟಿ ಎತ್ತಿದಾಗ ನನಗೆ ಪೂರ್ವ ದಂಡೆ, ಅವನಿಗೆ ಎದುರು ದಂಡೆ ಬಂತು. ನನ್ನ ಮುಂದೆಯೇ ಬಿದಿರಿನ ಗಳು ಇತ್ತು, ಒಳ್ಳೆ ಜಾಗ ಸಿಕ್ಕಿತೆಂದು ಹಿಗ್ಗಿದೆ. ಕೂರುವಾಗ ಒಂದನ್ನು ಗಮನಿಸಿದೆ. ಚೀಲ ತೆಗೆದಿದ್ದರೂ ಅದನ್ನು ಕಟ್ಟಿದ್ದ ನೀಲಿ ಹಗ್ಗ ಗಳುವಿನಲ್ಲೇ ಉಳಿದಿತ್ತು. ಚೀಲ ತಳದಲ್ಲಿದ್ದರೆ ಆ ಹಗ್ಗ ಮಾರುದ್ದ ಇರಬೇಕು. ಇದು ಮೊಳದಷ್ಟೂ ಇರಲಿಲ್ಲ, ತುದಿಯಲ್ಲಿ ಗಂಟಿನ ಗುರುತು ಹಾಗೇ ಇತ್ತು. ಪಕ್ಕದ ಗಳುವಿನದೂ ಅಷ್ಟೇ ಉದ್ದ.

ಗಣಿಯಲ್ಲಿ ಇಂಥದ್ದೊಂದು ಕಂಡಿದ್ದರೆ ಆ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಮೂರು ಸಲ ತೂಗುತ್ತಿದ್ದೆ. ಇಲ್ಲಿ ಏನೆಂದುಕೊಂಡೆ ಗೊತ್ತೇ? ಚೀಲ ಬಿಚ್ಚಲಾಗದೆ ಆಳುಗಳು ಹಗ್ಗ ಕೊಯ್ದಿರಬೇಕು ಎಂದುಕೊಂಡೆ. ಕೊಯ್ದ ಹಗ್ಗಕ್ಕೆ ಗಂಟಿನ ಗುರುತು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಅವನು ಹೇಳಿದ್ದಾನೆ, ಅವನು ನೋಡಿ ಬಂದಿದ್ದಾನೆ, ಮುಗಿಯಿತು.

ಮೊದಲ ತಾಸಿನಲ್ಲಿ ನನಗೆ ಒಂದು ಮೀನು ಬಂತು, ಅಂಗೈಯಷ್ಟು. ಎರಡನೆಯ ತಾಸಿನಲ್ಲಿ ಅದೂ ಇಲ್ಲ. ಮೇವಿನ ಉಂಡೆ ಸಣ್ಣದು ಮಾಡಿದೆ, ದೊಡ್ಡದು ಮಾಡಿದೆ, ಗಾಳ ಬದಲಿಸಿದೆ, ಹಿಂಡಿಯ ಉಂಡೆ ಬಿಟ್ಟು ಎರೆಹುಳು ಚುಚ್ಚಿದೆ. ಬದಲಿಸದೆ ಬಿಟ್ಟದ್ದು ಆಳ ಒಂದನ್ನೇ. ಎದುರು ದಂಡೆಯಲ್ಲಿ ಅವನ ಕೋಲು ಬಾಗುತ್ತಲೇ ಇತ್ತು. ಧಣಿ ನನ್ನ ಹಿಂದೆ ಹಾದು ಹೋಗುತ್ತಾ, "ಏನ್ರಿ ಸರ, ನಿಮ್ ಬೆಂಡು ನಿದ್ದಿ ಮಾಡಾಕತ್ತೈತಲ್ರಿ," ಎಂದರು. ನಕ್ಕೆ. ಒಳಗೆ ನಗು ಇರಲಿಲ್ಲ.

ಮೂರನೆಯ ತಾಸಿನಲ್ಲಿ ಅವನೊಂದು ಒಳ್ಳೆಯ ರೋಹುವನ್ನು ಎತ್ತಿ ಬಲೆಗೆ ಎಳೆದುಕೊಳ್ಳುವಾಗ ಬಿಸಿಲು ಸರಿಯಾಗಿ ಅವನ ಮೇಲೆ ಬಿದ್ದಿತ್ತು. ಕೆಂಪು ಬೆಂಡು ಮೀನಿನ ಮೂತಿಯ ಹತ್ತಿರವೇ ನೇತಾಡುತ್ತಿತ್ತು, ಒಂದೂವರೆ ಅಡಿ ಅಂತರವೂ ಇರಲಿಲ್ಲ. ತಳದಿಂದ ಹಿಡಿದ ಮೀನಾಗಿದ್ದರೆ ಬೆಂಡು ಅವನ ತಲೆಗಿಂತ ಮೇಲೆ ಇರಬೇಕಿತ್ತು.

ಆ ಕ್ಷಣವೇ ನಾನು ಬೆಂಡು ಸರಿಸಿಕೊಳ್ಳಬೇಕಿತ್ತು. ಎರಡು ನಿಮಿಷದ ಕೆಲಸ, ಇನ್ನೂ ಎರಡು ತಾಸು ಉಳಿದಿತ್ತು. ಸರಿಸಲಿಲ್ಲ. ಯಾಕೆ ಎಂದು ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಸರಿಸಿದ ಮೇಲೆ ಮೀನು ಬಂದರೆ ಅವನು ಸುಳ್ಳು ಹೇಳಿದ್ದು ಖಚಿತವಾಗುತ್ತಿತ್ತು. ಬಾರದಿದ್ದರೆ ಚೆನ್ನಾಗಿತ್ತು, ಆದರೆ ಬರುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಐದೂವರೆ ಅಡಿಯಲ್ಲೇ ಬಿಟ್ಟುಕೊಂಡು ಕೂತೆ. ಅವನಿಗೆ ಇವತ್ತು ಬೆಳಿಗ್ಗೆ ಬಂದ ಮೇಲೆ ಗೊತ್ತಾಗಿರಬೇಕು, ಚೀಟಿ ಎತ್ತಿದ ಮೇಲೆ ಗೊತ್ತಾಗಿದ್ದರೆ ಹೇಳುವ ಹಂಗಿಲ್ಲ ಎಂದು ಅವನ ಪರವಾಗಿ ನಾನೇ ವಕೀಲಿಕೆ ಮಾಡಿದೆ. ಒಂದು ತಾಸಿಗೂ ಹೆಚ್ಚು ಹೊತ್ತು ಹೀಗೇ ಹೋಯಿತು.

ಕೊನೆಯ ಅರ್ಧ ತಾಸಿದೆ ಎಂದು ಸೀಟಿ ಊದಿದಾಗ ನನಗೆ ಸಿಟ್ಟು ಬಂತು. ಬೆಂಡನ್ನು ದರದರನೆ ಕೆಳಕ್ಕೆ ಎಳೆದು ಒಂದೂವರೆ ಅಡಿಗೆ ನಿಲ್ಲಿಸಿ ಎಸೆದೆ. ಬೆಂಡು ನೆಟ್ಟಗೆ ನಿಲ್ಲುವ ಮೊದಲೇ ಒಳಗೆ ಹೋಯಿತು. ರೋಹು. ಮತ್ತೆ ಎಸೆದೆ, ಕಾಟ್ಲಾ. ಮತ್ತೆ ರೋಹು. ಅಂಥ ಮೀನುಗಳನ್ನು ಒಂದರ ಹಿಂದೆ ಒಂದು ಎಳೆಯುವುದು ನನ್ನ ಎಂಟು ವರ್ಷದ ಕನಸು, ಅವತ್ತು ಮಾತ್ರ ಪ್ರತಿಯೊಂದು ಮೀನೂ ನೀರಿನಿಂದ ಎದ್ದು ಬಂದು ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಬೇಡ, ಬರಬೇಡ ಎಂದುಕೊಳ್ಳುತ್ತಲೇ ಗಾಳ ಎಸೆಯುತ್ತಿದ್ದೆ. ಬರುತ್ತಲೇ ಇದ್ದವು. ಅಳು ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ತೂಗುವ ಕೆಲಸ ಯಾವಾಗಲೂ ನನ್ನದೇ. ಊರಿನ ಲಾರಿಗಳನ್ನೆಲ್ಲ ತೂಗುವವನು ಎಂದು ಗುಂಪಿನವರು ಮೊದಲಿನಿಂದಲೂ ತಕ್ಕಡಿಯನ್ನು ನನ್ನ ಕೈಗೇ ಕೊಡುತ್ತಿದ್ದರು. ಅವನ ಮೀನಿನ ಚೀಲ ಎತ್ತಿ ಕೊಕ್ಕೆಗೆ ಹಾಕಿದರು. ಅಂಕಿಯನ್ನು ಎರಡು ಸಲ ನೋಡಿ ಗಟ್ಟಿಯಾಗಿ ಓದಿದೆ. ನನ್ನದಕ್ಕಿಂತ ಬಹಳ ಜಾಸ್ತಿ, ಉಳಿದ ಎಲ್ಲರಿಗಿಂತಲೂ ಜಾಸ್ತಿ. ಒಂದು ಗ್ರಾಮನ್ನೂ ಕಡಿಮೆ ಹೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಧಣಿ ನನ್ನ ಪಕ್ಕಕ್ಕೆ ಬಂದು, ಮರುಗಿದ ದನಿಯಲ್ಲಿ, "ಕೊನೀಗೆ ಗಾಳ ಮ್ಯಾಲಕ್ಕ ಎತ್ತಿದ್ರಲ್ರಿ, ಮೊದ್ಲೇ ಯಾಕ ಎತ್ಲಿಲ್ಲ? ಬುಧವಾರನೇ ಚೀಲ ಮ್ಯಾಲಕ್ಕ ಕಟ್ಟಿಸೀನಿ. ಗುರುವಾರ ನಿಮ್ ದೋಸ್ತ್ ಬಂದಾಗ ಕೈ ಮಾಡಿ ತೋರ್ಸೀನಿ. ಹೇಳ್ಲಿಲ್ಲೇನ್ರಿ?" ಎಂದು ಕೇಳಿದರು.

"ಅಂವ ಹೇಳಿದ್ದ ರೀ. ನಾನಽ ಮರ್ತೆ," ಎಂದೆ. ಅವನ ಮಾನ ಕಾಯಲು ಹಾಗೆ ಹೇಳಿದೆನೋ, ನನ್ನ ಮಾನ ಕಾಯಲೋ ತಿಳಿಯದು.

ಹೋಗುವಾಗ ಒಂದೇ ಬೈಕಿನಲ್ಲಿ ಹೋದವರು ಬರುವಾಗಲೂ ಒಂದೇ ಬೈಕಿನಲ್ಲಿ ಬರಬೇಕಲ್ಲ! ಹಿಂದೆ ಕೋಲುಗಳನ್ನು ತಬ್ಬಿಕೊಂಡು ಅವನು ಮಾತಾಡುತ್ತಿದ್ದ, ನಾನು ಗಾಳಿಯ ಸದ್ದಿನಲ್ಲಿ ಕೇಳಿಸದವನಂತೆ ಓಡಿಸುತ್ತಿದ್ದೆ. ಹಂಪಿ ಕಡೆಗೆ ತಿರುಗುವ ದಾರಿ ದಾಟಿದ ಮೇಲೆ ಬಾಳೆತೋಟದ ಎದುರಿನ ಡಬ್ಬಿ ಅಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅಲ್ಲಿ ಕೇಳಿದೆ.

"ಗುರುವಾರ ಚೀಲ ಎಲ್ಲಿದ್ವು?"

ಅವನು ಚಹಾದ ಕಡೆ ನೋಡಿದ. ಸುಳ್ಳು ಹೇಳುತ್ತಾನೆಂದುಕೊಂಡಿದ್ದೆ. ಹೇಳಲಿಲ್ಲ. "ಮ್ಯಾಲಿದ್ವು," ಎಂದ. ಒಂದು ಗುಟುಕು ಕುಡಿದು, "ನನಗೂ ಒಮ್ಮೆ ಹೋಗ್ಬೇಕು ಅನ್ಸಿತ್ತಲೇ. ಆಳ ಗೊತ್ತಿದ್ರ ನೀನಽ ಗೆಲ್ತಿದ್ದಿ. ನಿನ್ ಕೈ ನನಗ ಗೊತ್ತೈತಿ," ಎಂದ.

ಇದನ್ನು ಕೇಳಿ ನನಗೆ ಅರ್ಧ ಸಮಾಧಾನವೇ ಆಯಿತೆಂದರೆ ನೀವು ನಂಬಲಿಕ್ಕಿಲ್ಲ. ಆಸೆಗೆ ಬಿದ್ದ, ತಪ್ಪು ಮಾಡಿದ, ಒಪ್ಪಿಕೊಂಡ. ನಾಲ್ಕು ಮಾತು ಬೈದು, ಒಂದು ತಿಂಗಳು ಮುಖ ತಿರುಗಿಸಿ, ಆಮೇಲೆ ಸರಿಹೋಗಬಹುದಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನೇ ನನ್ನನ್ನು ಕೇಳಿದ. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

"ಅದಿರ್ಲಿ, ನೀ ಯಾಕ ನೋಡ್ಲಿಲ್ಲ? ಗಳುವಿನ ಹಗ್ಗ ಕಣ್ಣ ಮುಂದ ಇತ್ತಲ್ಲ? ಮೊದಲ್ನೇ ತಾಸಿನಾಗ ತಿಳ್ಕೊಂಡು ಬೆಂಡು ಸರಿಸಿಬಿಡ್ತೀ ಅಂತ ನಾ ಮಾಡಿದ್ದೆ."

"ನೀ ಹೇಳಿದ್ದಿಯಲ್ಲ," ಎಂದೆ.

"ಹೇಳಿದ್ರ ಏನಾತು? ನೀ ಆಳ ಹೇಳ್ದಾಗ ನಾ ಒಮ್ಮಿಯಾದ್ರೂ ಹಂಗ ಕಟ್ಟೀನೇನು? ಪ್ರತಿ ಸಲ ಸೀಸ ಬಿಟ್ಟು ನಾನಽ ನೋಡ್ತಿದ್ದೆ. ನೀ ಕೊಟ್ಟ ಮೇವೂ ಅಷ್ಟ, ಒಂದು ಉಂಡಿ ಬಕೀಟ್ನಾಗ ಕರಗಿಸಿ ನೋಡಿನಽ ಹಾಕ್ತಿದ್ದೆ. ನೀನೂ ಹಂಗ ಮಾಡ್ತಿ ಅಂದ್ಕೊಂಡಿದ್ದೆ. ನೀ ಲಾರಿ ತೂಗಾವ್ನಲ್ಲೋ ಮಾರಾಯ!"

ಅಂಗಡಿಯವನು ಇನ್ನೊಂದು ಚಹಾ ಬೇಕೇ ಎಂದು ಕೇಳಿದ. ಬೇಡವೆಂದೆ. ಒಂದು ಭಾನುವಾರ ಮೋಸ ಮಾಡಿದವನನ್ನು ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಎಂಟು ವರ್ಷದ ಎಲ್ಲ ಭಾನುವಾರಗಳಲ್ಲೂ ನನ್ನ ಪಕ್ಕದಲ್ಲೇ ಕೂತು, ನನ್ನ ಮಾತನ್ನು ನನ್ನ ಬೆನ್ನ ಹಿಂದೆ ಅಳೆದು ನೋಡಿ, ಆಮೇಲೆ ನಗುತ್ತಾ ಬೆಂಡು ಎಸೆದವನನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನಾನೊಬ್ಬನೇ ಗೆಳೆತನ ಮಾಡಿಕೊಂಡಿದ್ದೆ. ಅವನು ನನ್ನ ಜೊತೆ ಮೀನು ಹಿಡಿಯುತ್ತಿದ್ದ, ಅಷ್ಟೆ.

ಕ್ವಾರ್ಟರ್ಸಿನ ಗೇಟಿನ ಬಳಿ ಇಳಿದು, ಕೋಲುಗಳನ್ನು ಹೆಗಲಿಗೆ ಏರಿಸಿಕೊಂಡು, ಏನೂ ಆಗದವನಂತೆ ಕೇಳಿದ: "ಬರೋ ಐತ್ವಾರ ಎಷ್ಟೊತ್ತಿಗೆ? ಹೈದರಾಬಾದಿಗೆ ಹೋಗೂದ್ರಾಗ ನಾಕು ದಿನ ಪ್ರಾಕ್ಟೀಸ್ ಬೇಕಲೇ."

"ಆರಕ್ಕ ಬರ್ತೀನಿ. ಇಲ್ಲೇ ನಿಂತಿರು," ಎಂದೆ.

ಹೋಗಬಾರದೆಂದು ಆಗಲೇ ನಿರ್ಧರಿಸಿಯಾಗಿತ್ತು. ಅವನಿಗೆ ಮೋಸ ಮಾಡಲೆಂದೇ ನಾನು ಹೇಳಿದ ಮೊದಲ ಸುಳ್ಳು ಅದು. ವಾರವೆಲ್ಲ ಗಣಿಯ ಧೂಳಿನಲ್ಲಿ ಅದನ್ನೇ ಚಪ್ಪರಿಸುತ್ತಾ ಇದ್ದೆ. ಆರು ಗಂಟೆಗೆ ಗೇಟಿನ ಬಳಿ ಬಂದು ನಿಲ್ಲುತ್ತಾನೆ, ಆರೂವರೆಗೆ ರಸ್ತೆಯ ಕಡೆ ನೋಡುತ್ತಾನೆ, ಏಳಕ್ಕೆ ಫೋನು ಮಾಡುತ್ತಾನೆ, ನಾನು ಎತ್ತುವುದಿಲ್ಲ. ಒಂದೇ ಒಂದು ಸಲವಾದರೂ ನನ್ನ ಮಾತು ನಂಬಿ ಅವನು ಅಲ್ಲಿ ಕಾದು ನಿಲ್ಲಲಿ, ಅಷ್ಟೇ ಸಾಕಿತ್ತು ನನಗೆ.

ಭಾನುವಾರ ಬೆಳಿಗ್ಗೆ ಎದ್ದು ಫೋನನ್ನು ಮುಂದಿಟ್ಟುಕೊಂಡು ಕೂತೆ. ಆರಾಯಿತು, ಏಳಾಯಿತು, ಎಂಟಾಯಿತು. ಫೋನು ಸದ್ದು ಮಾಡಲಿಲ್ಲ. ಹೆಂಡತಿ ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದಿಟ್ಟು ನನ್ನ ಮುಖ ನೋಡಿದಳು.

"ಯಾರ್ ಫೋನ್ ಕಾಯಾಕತ್ತೀರಿ?" ಎಂದು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಅವಳಿಗೇ ಏನೋ ನೆನಪಾಯಿತು. "ನಿನ್ನೆ ಸಂಜಿಮುಂದ ನಿಮ್ ದೋಸ್ತ್ ನನಗ ಫೋನ್ ಮಾಡಿದ್ದ. ಅಕ್ಕಾ, ನಾಳೆ ಖರೇನ ಬರ್ತಾನೇನು ಅಂತ ಕೇಳಿದ. ಇಲ್ಲಪಾ, ಹೋಗಂಗ ಕಾಣ್ಸಲ್ಲ, ಕೋಲು ಅಟ್ಟದ ಮ್ಯಾಲ ಒಗದಾರ ಅಂದೆ. ಆತ್ ಬಿಡಕ್ಕಾ, ಕೇಳಿದ್ದು ಚಲೋ ಆತು, ಸುಮ್ನ ಬಂದು ನಿಲ್ತಿದ್ದೆ ಅಂದ."